ಔಷಧಿ ಅನ್ನುವ ವಿಷ

ನಮ್ಮ ಕಡೆ ತೋಟಕ್ಕೆ ಏನು ಹೊಡೆದರೂ ಔಷಧಿಯೇ. ಬೋರ್ಡೋ ಔಷಧಿ, ಕಳೆ ಔಷಧಿ. ಮೈಲುತುತ್ತ, ಸುಣ್ಣ ಕಲಸಿ ಪಳಗಿದ ಕೈ ಪ್ಯಾರಾಕ್ವಾಟ್ ಎಂಬ ಕಳೆನಾಶಕದ ಕ್ಯಾನನ್ನೂ ಅದೇ ಸಲುಗೆಯಲ್ಲಿ ಮುಟ್ಟುತ್ತದೆ.

ಮೊನ್ನೆ ಮಳೆ ಹೊಳವಾದಾಗ ನಮ್ಮ ತೋಟದಲ್ಲೇ ಕಂಡೆ. ನಾಝಲ್ ಕಟ್ಟಿಕೊಂಡಿತು. ಪ್ಯಾರಾಕ್ವಾಟ್ ಹೊಡೆಯುತ್ತಿದ್ದ ಹುಡುಗ ಅದನ್ನು ಬಿಚ್ಚಿ, ಬಾಯಿಗಿಟ್ಟು ಉಫ್ ಎಂದು ಊದಿ, ಮತ್ತೆ ತಿರುಪಿದ. ಬೆನ್ನಿನ ಟ್ಯಾಂಕಿನ ವಾಷರ್ ಸವೆದು ಅಂಗಿ ಒದ್ದೆ. ಇಂಬಳ ಕಚ್ಚಿದ ಕಾಲಲ್ಲಿ ರಕ್ತ ಇನ್ನೂ ಒಸರುತ್ತಿತ್ತು. ಗಾಯವಿಲ್ಲದ ಚರ್ಮವನ್ನು ಅಷ್ಟಾಗಿ ದಾಟದ ಈ ವಿಷಕ್ಕೆ ಗಾಯವೇ ಬಾಗಿಲು. ‘ಬಾಯಿಗೆ ಇಡಬೇಡ ಮಾರಾಯ’ ಅಂದೆ. ಅಸ್ಸಾಮಿನವನು, ಸುಮ್ಮನೆ ನಕ್ಕ. ಕ್ಯಾನಿನ ಮೇಲೆ ಕನ್ನಡ ಇದೆ, ಕನ್ನಡಕವಿಲ್ಲದೆ ನನಗೂ ಕಾಣದಷ್ಟು ಸಣ್ಣದಾಗಿ.

ಕೈಗವಸು, ಮಾಸ್ಕು ಕೊಡಬೇಕೆಂದು 1971ರ ಕೀಟನಾಶಕ ನಿಯಮಗಳೇ ಹೇಳುತ್ತವೆ. ಕೊಡೋಣ. ಆದರೆ ನನಗೆ ಹೆಚ್ಚು ಭಯ ಬಾಟ್ಲಿಯದು. ಲೀಟರ್ ಕ್ಯಾನಿನಿಂದ ಕ್ವಾರ್ಟರ್ ಬಾಟ್ಲಿಗೆ ಬಗ್ಗಿಸಿ ಲೈನ್ ಮನೆಗೆ ಒಯ್ಯುವುದು ಇಲ್ಲಿ ಮಾಮೂಲು. ಕತ್ತಲಲ್ಲಿ ಒಂದು ಗುಟುಕು ಸಾಕು. ಹಿಂದೆ ಕೋಲಾದಂಥ ಬಣ್ಣ ನೋಡಿ ಕುಡಿದು ಸತ್ತವರು ಹೆಚ್ಚಾದ ಮೇಲೆ ತಯಾರಿಸಿದ ಕಂಪೆನಿಯೇ ನೀಲಿ ಬಣ್ಣ, ಕೆಟ್ಟ ವಾಸನೆ, ವಾಂತಿ ಬರಿಸುವ ಮದ್ದು ಸೇರಿಸಬೇಕಾಯಿತು.

ಇದರ ಮೋಸ ಇರುವುದು ನಿಧಾನದಲ್ಲಿ. ಮೊದಲ ದಿನ ಬಾಯಿ ಉರಿ, ವಾಂತಿ. ಆಮೇಲೆ ಸುಧಾರಿಸಿದಂತೆ ಕಾಣುತ್ತದೆ. ಗ್ಯಾಸ್ಟ್ರಿಕ್ ಇರಬೇಕೆಂದು ಮನೆಯವರು ಸುಮ್ಮನಾಗುತ್ತಾರೆ. ಅಷ್ಟರಲ್ಲಿ ಕಿಡ್ನಿ ಸೋಲುತ್ತದೆ, ಶ್ವಾಸಕೋಶ ಗಟ್ಟಿಯಾಗತೊಡಗುತ್ತದೆ. ಉಸಿರಿಗೆಂದು ಕೊಡುವ ಆಕ್ಸಿಜನ್ನೇ ಹಾನಿಯನ್ನು ಹೆಚ್ಚಿಸಬಲ್ಲದು. ಪ್ರತಿವಿಷ ಇಲ್ಲ. ಕಳಸದಿಂದ ಕುದುರೆಮುಖ, ಕಾರ್ಕಳ ದಾಟಿ ಮಣಿಪಾಲಕ್ಕೆ ಹೊರಡುವುದು ಎರಡು ದಿನ ತಡವಾದರೆ ಡಾಕ್ಟರ ಕೈಯಲ್ಲೂ ಹೆಚ್ಚೇನಿರುವುದಿಲ್ಲ. ಹೋಗುವಾಗ ಆ ಕ್ಯಾನನ್ನೂ ಒಯ್ಯಬೇಕು. ‘ಏನೋ ಕಳೆ ಔಷಧಿ’ ಎಂದರೆ ಅವರಿಗೆ ಏನು ತಿಳಿದೀತು?

ಯೂರೋಪಿಯನ್ ಒಕ್ಕೂಟದಲ್ಲಿ ಇದಕ್ಕೆ 2007ರಿಂದ ಜಾಗವಿಲ್ಲ, ಪಕ್ಕದ ಕೇರಳ 2011ರಲ್ಲೇ ನಿಷೇಧಿಸಿತು. ನಾವು ಆಳು ಸಿಗುವುದಿಲ್ಲ ಎನ್ನುತ್ತೇವೆ. ಸುಳ್ಳಲ್ಲ, ಕಳೆ ಕೊಚ್ಚಲು ಹತ್ತು ಆಳು ಹುಡುಕುವ ಕಷ್ಟ ನನಗೂ ಗೊತ್ತು. ಆದರೆ ಕೊಚ್ಚುವ ಕತ್ತಿ ತಾಗಿದರೆ ತಾಗಿದ್ದು ಕಾಣುತ್ತದೆ.

ಇಷ್ಟು ಬರೆದು ನಮ್ಮ ಸ್ಟೋರ್ ರೂಮಿಗೆ ಹೋಗಿ ನೋಡಿದೆ. ಕಿಟಕಿಯ ಮೇಲೊಂದು ಕ್ವಾರ್ಟರ್ ಬಾಟ್ಲಿ, ಚೀಟಿಯಿಲ್ಲ, ಅರ್ಧ ತುಂಬಿದೆ. ಪಕ್ಕದ ತೋಟದವರು ಸ್ವಲ್ಪ ಕೇಳಿದ್ದರೆಂದು ನಾನೇ ಬಗ್ಗಿಸಿಟ್ಟದ್ದು.