ಹೆಚ್‌ಪಿ ಕೇಳುವ ಗಿರಾಕಿ, ಹೆಡ್ ಕೇಳಬೇಕಾದ ವರ್ತಕ

ಯುಗಾದಿಗೆ ಮುಂಚಿನಿಂದಲೇ ಬೀದರ್ ಜಿಲ್ಲೆಯ ಪಂಪ್‌ಸೆಟ್ ಅಂಗಡಿಗಳಲ್ಲಿ ಗಿರಾಕಿಗಳ ದಟ್ಟಣೆ ಆರಂಭವಾಗುತ್ತದೆ. ತೊಗರಿ, ಕಡಲೆ ಮಾರಿದ ಹಣ ಕೈಗೆ ಬಂದಿರುತ್ತದೆ. ಬಾವಿ ಹಾಗೂ ಕೊಳವೆಬಾವಿಗಳ ನೀರು ಕೆಳಗಿಳಿಯತೊಡಗಿರುತ್ತದೆ. ಬೀದರ್ ನಗರವಾಗಲಿ, ಭಾಲ್ಕಿಯಾಗಲಿ, ಔರಾದ್ ಆಗಲಿ, ಅಂಗಡಿಯ ಗಲ್ಲೆಯ ಮುಂದೆ ನಡೆಯುವ ಮಾತುಕತೆ ಹೆಚ್ಚುಕಡಿಮೆ ಒಂದೇ ಬಗೆಯದು. “ಸಾವಕಾರ್ರೆ, ಐದರದು ಬ್ಯಾಡ್ರಿ, ಏಳೂವರಿದು ಕೊಡ್ರಿ. ನೀರು ಜೋರ್ ಬರಬೇಕ್ರಿ” ಎಂದು ರೈತರು ಹೇಳುತ್ತಾರೆ. “ತಗೋರಿ, ಕಂಪನಿ ಮಾಲು, ಗ್ಯಾರಂಟಿ ನಮ್ದು” ಎಂದು ವರ್ತಕರು ಬಿಲ್ ಬರೆಯುತ್ತಾರೆ. ಅರ್ಧ ಹಣ ನಗದು. ಉಳಿದರ್ಧ ಕಬ್ಬಿನ ಬಿಲ್ಲು ಬಂದ ಮೇಲೆ. ಈ ಇಡೀ ವ್ಯವಹಾರದಲ್ಲಿ ನೀರು ಎಷ್ಟು ಆಳದಲ್ಲಿದೆ, ಗಂಟೆಗೆ ಎಷ್ಟು ಲೀಟರ್ ಬರುತ್ತದೆ ಎಂಬ ಎರಡು ಪ್ರಶ್ನೆಗಳನ್ನು ಬಹುತೇಕ ಯಾರೂ ಕೇಳಿರುವುದಿಲ್ಲ.

ಇದನ್ನು ರೈತರ ಅಜ್ಞಾನವೆಂದು ತಳ್ಳಿಹಾಕುವುದು ಸುಲಭ. ಆದರೆ ಇದರ ನಷ್ಟ ಜಮೆಯಾಗುವುದು ವರ್ತಕರ ವಹಿಯಲ್ಲಿಯೇ. ಮೂರು ತಿಂಗಳಲ್ಲಿ ಮೋಟಾರು ಸುಟ್ಟರೆ ಗಿರಾಕಿ ಉಳಿದ ಹಣ ಕೊಡುವುದಿಲ್ಲ. ಅವರ ದೃಷ್ಟಿಯಲ್ಲಿ ಅದು ನ್ಯಾಯವೇ ಆಗಿದೆ. ವರ್ಷಾಂತ್ಯದ ಲೆಕ್ಕಪತ್ರದಲ್ಲಿ ಅದು ‘ಬರಬೇಕಾದ ಬಾಕಿ’ ಎಂಬ ಶೀರ್ಷಿಕೆಯಡಿ ಕುಳಿತಿರುತ್ತದೆ. ಒಂದೆರಡು ವರ್ಷಗಳ ಬಳಿಕ ಮುಳುಗಿದ ಸಾಲವೆಂದು ತೊಡೆದುಹಾಕಬೇಕಾಗುತ್ತದೆ. ಗಿರಾಕಿ ಸರಿಯಿಲ್ಲವೆಂದು ಎಲ್ಲರೂ ಹೇಳುತ್ತಾರೆ. ಕೊಟ್ಟ ಪಂಪೇ ಸರಿಯಿರಲಿಲ್ಲವೆಂದು ಯಾವ ವಹಿಯಲ್ಲೂ ನಮೂದಾಗುವುದಿಲ್ಲ.

ಉದಾಹರಣೆಗೆ, ಒಂದು ಪಂಪ್‌ಸೆಟ್‌ನ ಬೆಲೆ 40,000 ರೂಪಾಯಿ ಎಂದಿಟ್ಟುಕೊಳ್ಳೋಣ. ನೀರೆತ್ತುವ ವಿದ್ಯುತ್ ಪಂಪುಗಳ ಮೇಲಿನ ಜಿಎಸ್‌ಟಿ ಶೇ. 12 ಇದ್ದದ್ದು 2022ರ ಜುಲೈ 18ರಿಂದ ಶೇ. 18ಕ್ಕೆ ಏರಿತು, ಅಂದರೆ 7,200 ರೂಪಾಯಿ ತೆರಿಗೆ ಸೇರಿ ಬಿಲ್ಲು 47,200. ವರ್ತಕರ ಲಾಭಾಂಶ ಶೇ. 8 ಎಂದು ಹಿಡಿದರೆ 3,200 ರೂಪಾಯಿ. ಇಂಥ ಒಂದು ಮಾರಾಟದಲ್ಲಿ 20,000 ರೂಪಾಯಿ ಉದ್ರಿ ಮುಳುಗಿದರೆ ಆರಕ್ಕೂ ಹೆಚ್ಚು ಸೆಟ್‌ಗಳ ಲಾಭ ಅದರೊಂದಿಗೇ ಹೋಯಿತು. ಆದಾಯ ತೆರಿಗೆಯಲ್ಲಿ ಮುಳುಗಿದ ಸಾಲಕ್ಕೆ ವಿನಾಯಿತಿ ದೊರೆಯುತ್ತದೆ, ನಿಜ. ಆದರೆ ಸರ್ಕಾರಕ್ಕೆ ಕಟ್ಟಿದ ಜಿಎಸ್‌ಟಿ, ಗಿರಾಕಿ ಹಣ ಕೊಡಲಿಲ್ಲವೆಂಬ ಕಾರಣಕ್ಕೆ ಹಿಂದಿರುಗಿ ಬರುವುದಿಲ್ಲ. ಅನೇಕ ವರ್ತಕರು ಈ ಅಂಶವನ್ನು ಗಮನಿಸಿಯೇ ಇಲ್ಲ.

ಹೆಚ್‌ಪಿ ಎಂಬುದು ಮೋಟಾರಿನ ಸಾಮರ್ಥ್ಯವನ್ನು ಹೇಳುತ್ತದೆಯೇ ಹೊರತು ಬಾವಿಯ ಸಾಮರ್ಥ್ಯವನ್ನಲ್ಲ. ಪಂಪಿನ ಕೆಲಸವನ್ನು ನಿರ್ಧರಿಸುವುದು ಎರಡು ಅಳತೆಗಳು. ಒಂದು ಹೆಡ್, ಅಂದರೆ ನೀರನ್ನು ಎತ್ತಬೇಕಾದ ಒಟ್ಟು ಎತ್ತರ. ಇದರಲ್ಲಿ ಪೈಪಿನೊಳಗಿನ ಘರ್ಷಣೆಯಿಂದಾಗುವ ನಷ್ಟವೂ ಸೇರಿದೆ. ಇನ್ನೊಂದು ಡಿಸ್ಚಾರ್ಜ್, ಅಂದರೆ ಹೊರಬೀಳುವ ನೀರಿನ ಪ್ರಮಾಣ. ಪಂಪಿನೊಳಗೆ ತಿರುಗುವ ಇಂಪೆಲ್ಲರ್‌ಗಳ ವ್ಯಾಸ, ಆಕಾರ ಹಾಗೂ ಸಂಖ್ಯೆ (ಅಂಗಡಿಯ ಭಾಷೆಯಲ್ಲಿ ‘ಸ್ಟೇಜ್’) ಈ ಎರಡಕ್ಕೆ ಹೊಂದಬೇಕು. ಹೆಡ್ ಹೆಚ್ಚಾದಂತೆ ಅದೇ ಪಂಪಿನ ನೀರು ಕಡಿಮೆಯಾಗುತ್ತದೆ. ಹೆಡ್ ತಗ್ಗಿದಂತೆ ಹೆಚ್ಚಾಗುತ್ತದೆ. ಕಂಪನಿಗಳು ಮುದ್ರಿಸಿ ಕೊಡುವ ಕೋಷ್ಟಕದಲ್ಲಿ ಇದೆಲ್ಲ ಇರುತ್ತದೆ. ಆ ಕೋಷ್ಟಕ ಬಹುಪಾಲು ಅಂಗಡಿಗಳಲ್ಲಿ ಗೋಡೆಯ ಮೊಳೆಗೆ ತೂಗುಬಿದ್ದು ಧೂಳು ತಿನ್ನುತ್ತಿದೆ.

ಭಾಲ್ಕಿ ಕಡೆಯ ಒಂದು ಹೊಲದಲ್ಲಿ ಪಂಪು ನಡೆಯುವಾಗ ನೀರಿನ ಮಟ್ಟ 75 ಮೀಟರ್ ಆಳದಲ್ಲಿ ನಿಲ್ಲುತ್ತದೆ, ಹೊಲದ ಎತ್ತರದ ತುದಿಗೆ 10 ಮೀಟರ್, ಪೈಪಿನ ಘರ್ಷಣೆಗೆ 5 ಮೀಟರ್ ಎಂದು ಭಾವಿಸಿದರೆ ಒಟ್ಟು ಹೆಡ್ 90 ಮೀಟರ್. ಕೊಳವೆಬಾವಿಯ ಇಳುವರಿ ಗಂಟೆಗೆ 7,200 ಲೀಟರ್, ಅಂದರೆ ಸೆಕೆಂಡಿಗೆ 2 ಲೀಟರ್. ಇಷ್ಟು ನೀರನ್ನು ಇಷ್ಟು ಎತ್ತರಕ್ಕೆ ಏರಿಸಲು ಬೇಕಾದ ಶಕ್ತಿ ಸುಮಾರು 1.77 ಕಿಲೋವ್ಯಾಟ್. ಪಂಪಿನ ದಕ್ಷತೆ ಶೇ. 55 ಎಂದರೆ ಮೋಟಾರಿನ ಮೇಲೆ ಬೀಳುವ ಭಾರ 3.2 ಕಿಲೋವ್ಯಾಟ್, ಅಂದರೆ ನಾಲ್ಕೂಕಾಲು ಹೆಚ್‌ಪಿಯ ಆಸುಪಾಸು. ಐದು ಹೆಚ್‌ಪಿಯ ಮೋಟಾರು ಇಲ್ಲಿ ಧಾರಾಳವಾಗಿ ಸಾಕು.

ಅದೇ ಬಾವಿಗೆ ಗಂಟೆಗೆ 10,800 ಲೀಟರ್ ಎತ್ತುವ ಏಳೂವರೆ ಹೆಚ್‌ಪಿ ಪಂಪನ್ನು ಇಳಿಬಿಟ್ಟರೆ ನಿಮಿಷಕ್ಕೆ 60 ಲೀಟರಿನಷ್ಟು ಕೊರತೆ ಬೀಳುತ್ತದೆ. ಆರೂವರೆ ಇಂಚಿನ ಕೊಳವೆಬಾವಿ ಒಂದು ಮೀಟರ್ ಆಳಕ್ಕೆ ಹಿಡಿಯುವ ನೀರು ಸುಮಾರು 21 ಲೀಟರ್ ಮಾತ್ರ. ಎಂದ ಮೇಲೆ ಪಂಪಿನ ಮೇಲೆ 30 ಮೀಟರ್ ನೀರು ನಿಂತಿದ್ದರೂ ಅದು ಹತ್ತು-ಹದಿನೈದು ನಿಮಿಷಗಳ ಮಾತು. ಬಳಿಕ ಪಂಪು ಗಾಳಿ ಎಳೆಯತೊಡಗುತ್ತದೆ. ಸಬ್‌ಮರ್ಸಿಬಲ್ ಮೋಟಾರು ತಂಪಾಗುವುದೇ ಸುತ್ತ ಹರಿಯುವ ನೀರಿನಿಂದ. ನೀರಿಲ್ಲದೆ ತಿರುಗಿದರೆ ಬೇರಿಂಗ್ ಸವೆದು ವೈಂಡಿಂಗ್ ಸುಡುತ್ತದೆ. “ನೀರು ಜೋರ್ ಬರಬೇಕು” ಎಂದ ಗಿರಾಕಿಗೆ ಮೊದಲ ಹತ್ತು ನಿಮಿಷ ಜೋರಾಗಿಯೇ ಬಂದಿತ್ತೆಂಬುದನ್ನು ಅಲ್ಲಗಳೆಯುವಂತಿಲ್ಲ!

ಇದಕ್ಕೆ ವಿರುದ್ಧವಾದ ತಪ್ಪೂ ಇದೆ. ಅದು ಹೆಚ್ಚು ಜನರಿಗೆ ತಿಳಿಯದು. 150 ಮೀಟರ್ ಹೆಡ್‌ಗೆಂದು ತಯಾರಾದ, ಹೆಚ್ಚು ಸ್ಟೇಜ್‌ಗಳ ಪಂಪನ್ನು “ಇರಲಿ, ಮುಂದೆ ನೀರು ಇಳಿದರೆ ಬೇಕಾಗುತ್ತದೆ” ಎಂದು 60 ಮೀಟರ್ ಹೆಡ್ಡಿನ ಬಾವಿಗೆ ಹಾಕುತ್ತಾರೆ. ಎತ್ತರ ಕಡಿಮೆಯಾದ್ದರಿಂದ ಮೋಟಾರಿನ ಭಾರವೂ ಕಡಿಮೆಯಾಗುತ್ತದೆಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ಆದರೆ ಇಂಥ ಬಹುಪಾಲು ಪಂಪುಗಳಲ್ಲಿ ಹೆಡ್ ಇಳಿದಂತೆ ನೀರಿನ ಹರಿವು ಹೆಚ್ಚಿ, ಅದರೊಂದಿಗೆ ಮೋಟಾರು ಎಳೆಯುವ ಕರೆಂಟೂ ಏರುತ್ತದೆ. ಬೇಸಿಗೆಯಿಡೀ ನೆಟ್ಟಗೆ ನಡೆದ ಮೋಟಾರು ಮಳೆಗಾಲದಲ್ಲಿ ನೀರಿನ ಮಟ್ಟ ಮೇಲೇರಿದೊಡನೆ ಸುಟ್ಟುಹೋಗುವುದಕ್ಕೆ ಇದೂ ಒಂದು ಕಾರಣ. ಪ್ಯಾನೆಲ್ ಬೋರ್ಡಿನ ಅಮೀಟರನ್ನು ವಾರಕ್ಕೊಮ್ಮೆ ನೋಡಿದರೂ ಇದು ಗೊತ್ತಾಗುತ್ತದೆ. ಆದರೆ ಎಷ್ಟು ಬೋರ್ಡುಗಳಲ್ಲಿ ಅಮೀಟರ್ ನಡೆಯುವ ಸ್ಥಿತಿಯಲ್ಲಿದೆ ಎಂಬುದು ಬೇರೆಯೇ ಪ್ರಶ್ನೆ.

ತಿರುಗುವ ರೆಕ್ಕೆಗೂ ಅದನ್ನು ತಿರುಗಿಸುವ ಯಂತ್ರಕ್ಕೂ ಹೊಂದಿಕೆ ಇರಬೇಕೆಂಬ ಈ ನಿಯಮ ಪಂಪಿಗೆ ಸೀಮಿತವಲ್ಲ. ಕರಾವಳಿಯ ದೋಣಿಗಳನ್ನೇ ನೋಡಬಹುದು. ಮೋಟಾರು ದೋಣಿಯ ಹಿಂದೆ ನೀರಿನೊಳಗೆ ತಿರುಗುವ ಪ್ರೊಪೆಲ್ಲರ್‌ಗೆ ವ್ಯಾಸ ಹಾಗೂ ಪಿಚ್ ಎಂಬ ಎರಡು ಅಳತೆಗಳಿರುತ್ತವೆ. ಒಂದು ಸುತ್ತಿಗೆ ಅದು ಸೈದ್ಧಾಂತಿಕವಾಗಿ ಮುಂದೆ ಸಾಗುವ ದೂರವೇ ಪಿಚ್. ಪಿಚ್ ಅತಿಯಾದರೆ ಎಂಜಿನ್ ತನ್ನ ನಿಗದಿತ ವೇಗವನ್ನೇ ಮುಟ್ಟದೆ ಹೆಣಗುತ್ತದೆ. ಕಡಿಮೆಯಾದರೆ ಮಿತಿಮೀರಿ ಸುತ್ತುತ್ತದೆ. ಪಿಚ್ ಒಂದು ಇಂಚು ವ್ಯತ್ಯಾಸವಾದರೆ ನಿಮಿಷಕ್ಕೆ 200 ಸುತ್ತುಗಳ ಆಸುಪಾಸು ವ್ಯತ್ಯಾಸವಾಗುತ್ತದೆ ಎಂಬುದು ಆ ವೃತ್ತಿಯವರ ಅಂದಾಜು. ಆದ್ದರಿಂದ ಅವರು ಪೂರ್ಣ ಹೊರೆಯೊಂದಿಗೆ ದೋಣಿಯನ್ನು ಓಡಿಸಿ, ಎಂಜಿನ್‌ನ ಸುತ್ತುಗಳನ್ನು ಅಳೆದು, ಅನಂತರವೇ ಪ್ರೊಪೆಲ್ಲರ್ ಆರಿಸುತ್ತಾರೆ. ದೊಡ್ಡ ಎಂಜಿನ್ ತಂದರೆ ಎಲ್ಲವೂ ಸರಿಹೋದೀತೆಂದು ಅವರು ನಂಬುವುದಿಲ್ಲ. ಸಮುದ್ರದ ಮೇಲೆ ತಪ್ಪು ಬೇಗ ಗೊತ್ತಾಗುತ್ತದೆ. ಬೀದರಿನಲ್ಲಿ ಅದು ನೆಲದಡಿ 300 ಅಡಿ ಆಳದಲ್ಲಿ ಅಡಗಿರುತ್ತದೆ.

ನೆಲದಡಿಯ ನೀರನ್ನು ಅಳೆಯುವ ವಿದ್ಯೆ ಈ ಊರಿಗೆ ಹೊಸದೇನಲ್ಲ. ನೌಬಾದಿನಲ್ಲಿರುವ ಬಹಮನಿ ಕಾಲದ ಕರೇಜ್, ಅಂದರೆ ಸುರಂಗ ಬಾವಿ, ಯಾವ ಯಂತ್ರದ ನೆರವೂ ಇಲ್ಲದೆ ಬರಿಯ ಇಳಿಜಾರಿನ ಲೆಕ್ಕದ ಮೇಲೆ ಜಂಬಿಟ್ಟಿಗೆಯ ನೆಲದಡಿ ನೀರನ್ನು ಹರಿಸಿತು. ಎತ್ತರವನ್ನು ಮೊದಲು ಅಳೆದು ಬಳಿಕ ಗುದ್ದಲಿ ಹಿಡಿದವರ ಕೆಲಸವದು. ಬೀದರ್ ಪಟ್ಟಣ ಜಂಬಿಟ್ಟಿಗೆಯ ಮೇಲಿದೆ; ಭಾಲ್ಕಿ, ಔರಾದ್ ಕಡೆಯ ಕಪ್ಪುನೆಲದಡಿ ಇರುವುದು ಬಸಾಲ್ಟ್ ಬಂಡೆ. ಬಂಡೆಯ ಬಿರುಕು ಎಲ್ಲಿ ಸಿಕ್ಕಿತೆಂಬುದರ ಮೇಲೆ ಅಕ್ಕಪಕ್ಕದ ಎರಡು ಹೊಲಗಳ ಇಳುವರಿಯಲ್ಲೂ ಅಜಗಜಾಂತರವಿರುತ್ತದೆ. ಹೀಗಿರುವಾಗ “ಪಕ್ಕದ ಹೊಲದವರು ಹಾಕಿದ್ದೇ ಕೊಡ್ರಿ” ಎಂಬುದು ಮತ್ತೊಬ್ಬರ ಕನ್ನಡಕ ಕೇಳಿದಂತೆ.

ದೊಡ್ಡ ಪಂಪಿನ ಮೋಹಕ್ಕೆ ವಿದ್ಯುತ್ ನೀತಿಯೂ ತಕ್ಕಮಟ್ಟಿಗೆ ಕಾರಣ. ರಾಜ್ಯದಲ್ಲಿ 10 ಹೆಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ 2008ರಿಂದ ಉಚಿತ ವಿದ್ಯುತ್ ದೊರೆಯುತ್ತಿದೆ. ಬಿಲ್ಲೇ ಇಲ್ಲದ ಮೇಲೆ ಐದಾದರೇನು, ಏಳೂವರೆಯಾದರೇನು ಎಂಬ ಭಾವನೆ ಸಹಜ. ಆದರೆ ಜೆಸ್ಕಾಂನ ಒಂದು ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ ಉಚಿತವಾಗಿ ಬೆಳೆಯುವುದಿಲ್ಲ. ಪ್ರತಿಯೊಬ್ಬರೂ ಒಂದು ಮೆಟ್ಟಿಲು ದೊಡ್ಡದನ್ನು ಹಾಕಿದರೆ ವೋಲ್ಟೇಜು ಕುಸಿದು ಸಾಲಿನಲ್ಲಿರುವ ಎಲ್ಲರ ಮೋಟಾರುಗಳೂ ಬಿಸಿಯೇರುತ್ತವೆ. ರಿವೈಂಡಿಂಗ್ ಅಂಗಡಿಗಳಿಗೆ ಇದು ಸುಗ್ಗಿ ಎನ್ನಬಹುದು. ಒಮ್ಮೆ ರಿವೈಂಡ್ ಆದ ಮೋಟಾರಿನ ದಕ್ಷತೆ, ಕೆಲಸ ಎಚ್ಚರದಿಂದ ನಡೆಯದಿದ್ದರೆ, ಮೊದಲಿನಂತಿರುವುದಿಲ್ಲ.

ಸಣ್ಣ ಕೈಗಾರಿಕೆಗಳಿಗೆ ಈ ಉಚಿತದ ಹಂಗಿಲ್ಲ; ಅವರಿಗೆ ಪ್ರತಿ ಯೂನಿಟ್ಟೂ ಲೆಕ್ಕದ್ದು. ಆದರೂ ಕೊಳಾರದಂಥ ಕೈಗಾರಿಕಾ ಪ್ರದೇಶದ ಘಟಕವಾಗಲಿ, ಐಸ್ ಕಾರ್ಖಾನೆಯಾಗಲಿ, ವಸತಿಗೃಹವಾಗಲಿ, ಪಂಪನ್ನು ಕೊಳ್ಳುವ ಕ್ರಮ ಬೇರೆಯಲ್ಲ. ದೊಡ್ಡ ಪಂಪು ತಂದು, ನೀರು ಹೆಚ್ಚಾಯಿತೆಂದು ವಾಲ್ವನ್ನು ಅರ್ಧ ಮುಚ್ಚಿ ವರ್ಷಗಟ್ಟಲೆ ನಡೆಸುವ ದೃಶ್ಯ ಅಪರೂಪವೇನಲ್ಲ. ಇದು ಬ್ರೇಕ್ ಒತ್ತಿಕೊಂಡೇ ಲಾರಿ ಓಡಿಸಿದಂತೆ. ಅಂಥ ಪಂಪು 6 ಕಿಲೋವ್ಯಾಟ್ ಎಳೆಯುತ್ತ ದಿನಕ್ಕೆ 10 ಗಂಟೆ, ವರ್ಷಕ್ಕೆ 300 ದಿನ ನಡೆದರೆ 18,000 ಯೂನಿಟ್. ಹೊಂದಿಕೆಯಾದ ಪಂಪು 4 ಕಿಲೋವ್ಯಾಟ್‌ನಲ್ಲಿ ಅದೇ ಕೆಲಸ ಮಾಡಿದರೆ 12,000. ಯೂನಿಟ್ಟಿಗೆ 7 ರೂಪಾಯಿಯಂತೆ ಹಿಡಿದರೂ ವರ್ಷಕ್ಕೆ 42,000 ರೂಪಾಯಿ ವ್ಯತ್ಯಾಸ. ಒಂದೇ ವರ್ಷದಲ್ಲಿ ಹೊಸ ಪಂಪಿನ ಬೆಲೆ ಹೊರಬೀಳುತ್ತದೆ. ಮಂಜೂರಾದ ಹೆಚ್‌ಪಿ ಮೇಲಿನ ನಿಗದಿತ ಶುಲ್ಕ ಹಾಗೂ ಪವರ್ ಫ್ಯಾಕ್ಟರ್ ಕುಸಿದರೆ ಬೀಳುವ ದಂಡ ಇದಕ್ಕೆ ಹೊರತು. ನೋಂದಾಯಿತ ಉದ್ದಿಮೆದಾರರಿಗೆ ಪಂಪಿನ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಆಗಿಯೂ ದೊರೆಯುತ್ತದೆ, ಆದರೆ ಹಳೆಯ ಪಂಪನ್ನು ಬದಲಿಸಲು ಮನಸ್ಸು ಬಾರದು, ಏಕೆಂದರೆ “ಇನ್ನೂ ನಡೆಯುತ್ತಿದೆ.”

ಪಂಪು ಬದಲಿಸದೆಯೂ ದಾರಿಗಳಿವೆ. ಇಂಪೆಲ್ಲರಿನ ವ್ಯಾಸವನ್ನು ತಯಾರಕರು ತಿಳಿಸಿದ ಮಿತಿಯೊಳಗೆ ಲೇತ್‌ನಲ್ಲಿ ತಗ್ಗಿಸಬಹುದು. ವೇಗ ನಿಯಂತ್ರಕವನ್ನು ಅಳವಡಿಸಬಹುದು. ವೇಗವನ್ನು ಶೇ. 10 ತಗ್ಗಿಸಿದರೆ ಶಕ್ತಿಯ ಬಳಕೆ ಶೇ. 27ರಷ್ಟು ಇಳಿಯುತ್ತದೆಂಬುದು ಇಂಪೆಲ್ಲರುಗಳ ನಿಯಮ. ಆದರೆ ಈ ಲೆಕ್ಕ ಪೂರ್ತಿಯಾಗಿ ಹೊಂದುವುದು ನೀರನ್ನು ಸುತ್ತಿಸುವ ವ್ಯವಸ್ಥೆಗಳಿಗೆ. ಆಳವಾದ ಬಾವಿಯಿಂದ ಎತ್ತುವಲ್ಲಿ ವೇಗ ತಗ್ಗಿಸಿದರೆ ನೀರು ಮೇಲಕ್ಕೇ ಬಾರದಿರಬಹುದು. ಉಪಕರಣ ಮಾರುವವರು ಈ ಎರಡನೆಯ ಮಾತನ್ನು ಸಾಮಾನ್ಯವಾಗಿ ಹೇಳುವುದಿಲ್ಲ.

ಸಬ್‌ಮರ್ಸಿಬಲ್ ಪಂಪ್‌ಸೆಟ್‌ಗಳಿಗೆ ಐಎಸ್ 8034, ತೆರೆದ ಬಾವಿಯ ಸಬ್‌ಮರ್ಸಿಬಲ್‌ಗಳಿಗೆ ಐಎಸ್ 14220 ಎಂಬ ಮಾನಕಗಳಿವೆ. ಇಂಧನ ದಕ್ಷತಾ ಬ್ಯೂರೋದ ನಕ್ಷತ್ರ ಚೀಟಿಯೂ ಇದೆ. ಇವು ಗುಣಮಟ್ಟದ ಸೂಚಕಗಳು. ಆದರೆ ಐದು ನಕ್ಷತ್ರದ ಪಂಪನ್ನು ತಪ್ಪು ಬಾವಿಗೆ ಇಳಿಸಿದರೆ ನಕ್ಷತ್ರಗಳೂ ನೀರುಪಾಲು. 2019ರಲ್ಲಿ ಆರಂಭವಾದ ಪಿಎಂ-ಕುಸುಮ್ ಯೋಜನೆಯ ಸೌರ ಪಂಪುಗಳಲ್ಲಂತೂ ಹೆಡ್‌ಗೆ ತಕ್ಕ ನೀರಿನ ಪ್ರಮಾಣವನ್ನು ನಿರ್ದೇಶನದಲ್ಲಿಯೇ ನಮೂದಿಸಲಾಗುತ್ತದೆ, ಏಕೆಂದರೆ ಬಿಸಿಲಿನ ಶಕ್ತಿಯನ್ನು ಪೋಲು ಮಾಡಲು ಅಲ್ಲಿ ಅವಕಾಶವಿಲ್ಲ. ಸರ್ಕಾರಿ ಕಡತ ಕೇಳುವ ಪ್ರಶ್ನೆಯನ್ನು ಅಂಗಡಿ ಕೇಳಬಾರದೇಕೆ?

ಕೇಳದಿರುವುದರಲ್ಲಿ ಕಾನೂನಿನ ತೊಡಕೂ ಇದೆ. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಎಂಬ ಪ್ರತ್ಯೇಕ ಅಧ್ಯಾಯವಿದೆ. ತಯಾರಕರು ಕೊಟ್ಟ ಭರವಸೆಗೆ ಹೊರತಾಗಿ ಮಾರಾಟಗಾರರೇ ಸ್ವತಂತ್ರವಾಗಿ ಭರವಸೆ ಕೊಟ್ಟು, ಅದು ಹುಸಿಯಾಗಿ ಹಾನಿ ಉಂಟಾದರೆ ಹೊಣೆ ಮಾರಾಟಗಾರರಿಗೂ ಬರಬಹುದು. “ಗ್ಯಾರಂಟಿ ನಮ್ದು” ಎಂಬ ಆತ್ಮೀಯ ಮಾತು ಜಿಲ್ಲಾ ಆಯೋಗದ ಮುಂದೆ ಬೇರೆಯೇ ಅರ್ಥ ಪಡೆದೀತು.

ಬಿಲ್ ಪುಸ್ತಕದ ಜೊತೆಗೆ ಒಂದು ಅರ್ಧ ಹಾಳೆಯ ನಮೂನೆಯನ್ನು ಮುದ್ರಿಸಿಕೊಳ್ಳಲು ಹೆಚ್ಚು ಖರ್ಚಿಲ್ಲ. ಕೊಳವೆಬಾವಿಯ ಆಳ ಹಾಗೂ ಕೇಸಿಂಗಿನ ಅಳತೆ, ಬೇಸಿಗೆ ಮತ್ತು ಮಳೆಗಾಲದ ನೀರಿನ ಮಟ್ಟ, ಇಳುವರಿ, ಪೈಪಿನ ಉದ್ದ ಮತ್ತು ಗಾತ್ರ, ಸ್ಥಳದ ವೋಲ್ಟೇಜು. ಕೆಳಗೆ ಗಿರಾಕಿಯ ರುಜು. ಇಳುವರಿ ಗೊತ್ತಿಲ್ಲದಿದ್ದರೆ 200 ಲೀಟರಿನ ಡ್ರಮ್ಮು ಎಷ್ಟು ಸೆಕೆಂಡಿನಲ್ಲಿ ತುಂಬಿತೆಂದು ನೋಡಿದರಾಯಿತು. ನೂರು ಸೆಕೆಂಡಾದರೆ ಗಂಟೆಗೆ 7,200 ಲೀಟರ್. ವಾಣಿಜ್ಯ ಸಂಸ್ಥೆಯೇ ಇಂಥ ನಮೂನೆಯನ್ನು ಸಿದ್ಧಪಡಿಸಿ ಮೂರೂ ಊರುಗಳ ಸದಸ್ಯರಿಗೆ ಹಂಚಿದರೆ, ಒಬ್ಬ ವರ್ತಕರು ಪ್ರಶ್ನೆ ಕೇಳಿದರೆಂದು ಗಿರಾಕಿ ಪ್ರಶ್ನೆ ಕೇಳದ ಪಕ್ಕದ ಅಂಗಡಿಗೆ ಹೋಗುವ ಭಯವೂ ಕಡಿಮೆಯಾದೀತು. ಈ ಭಯ ಸುಳ್ಳಲ್ಲ. ಸಣ್ಣ ಪಂಪು ಸಾಕೆಂದು ಹೇಳಿ ಕಡಿಮೆ ಬೆಲೆಯ ಮಾಲು ಮಾರಿದವರ ವಹಿವಾಟು ಆ ವರ್ಷ ಕೊಂಚ ಕುಗ್ಗಲೂಬಹುದು. ಆ ವರ್ಷದ ಉದ್ರಿ ಬಾಕಿಯ ಪಟ್ಟಿಯನ್ನು ಹಿಂದಿನ ವರ್ಷದ್ದರ ಪಕ್ಕದಲ್ಲಿಟ್ಟು ನೋಡುವ ಕೆಲಸವನ್ನು ಮಾರ್ಚ್ 31ರ ಲೆಕ್ಕಕ್ಕೆ ಬಿಡಬಹುದು.