ಗೈಡ್ ಬೇಡ ಅನ್ನೋ ಹಕ್ಕು ಯಾರಿಗಿದೆ?

ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ತಕರಾರು ಬೇಡ. ಎಲ್ಲೋರಾ, ಅಜಂತಾ ನೋಡಲು ಕರ್ನಾಟಕದಿಂದ ಬರುವ ನಮ್ಮ ಜನರಲ್ಲಿ ಬಹುಪಾಲು ಮಂದಿ ಗೇಟಿನಲ್ಲೇ "ಗೈಡ್ ಬೇಡ" ಅಂತ ಕೈ ಆಡಿಸಿಬಿಡುತ್ತಾರೆ. ಹಾಗೆ ಕೈ ಆಡಿಸುವ ಹಕ್ಕು ಓದಿಕೊಂಡು ಬಂದವನಿಗೆ ಮಾತ್ರ ಇದೆ ಎಂಬುದು ನನ್ನ ವಾದ. ಓದದೆ ಬಂದವನು ಗೈಡ್ ಫೀ ಕಟ್ಟಬೇಕು. ಕಂತು ತಪ್ಪಿಸಿದವನು ದಂಡಬಡ್ಡಿ ಕಟ್ಟುವುದಿಲ್ಲವೇ, ಹಾಗೆ. ಎರಡೂ ಮಾಡದವನು ಮುನ್ನೂರು ಫೋಟೋ ಹೊಡೆದುಕೊಂಡು ವಾಪಸ್ ಹೋಗುತ್ತಾನೆ. ಆ ಕಲ್ಲು ಅವನ ಹತ್ತಿರ ಒಂದು ಮಾತೂ ಆಡಿರುವುದಿಲ್ಲ.

ನಾನು ಬಾಗಲಕೋಟೆ ಕಡೆಯವನು. ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದ ಮೇಲೆ ಸರ್ವೀಸಿನ ಬಹುಭಾಗ ಮಹಾರಾಷ್ಟ್ರದಲ್ಲೇ ಕಳೆಯಿತು. ಔರಂಗಾಬಾದಿನಲ್ಲಿ ನಾಲ್ಕು ವರ್ಷ ಇದ್ದೆ. 2023ರಿಂದ ಆ ಊರಿನ ಹೆಸರು ಛತ್ರಪತಿ ಸಂಭಾಜಿನಗರ. ಆಮೇಲೆ ಪುಣೆ. ನಿವೃತ್ತನಾದ ಮೇಲೂ ಇಲ್ಲೇ ಇದ್ದೇನೆ. ಪರಊರಿನಲ್ಲಿರುವ ಕನ್ನಡಿಗನ ಮನೆ ಎಂದರೆ ಊರಿನವರಿಗೆ ಅರ್ಧ ಛತ್ರ, ಅರ್ಧ ವಿಚಾರಣಾ ಕೇಂದ್ರ. ಬರಲಿ, ಸಂತೋಷವೇ. ಊಟಕ್ಕೆ ಜೋಳದ ರೊಟ್ಟಿ ಉಂಟು. ಎಲ್ಲೋರಾಕ್ಕೂ ಜೊತೆಗೆ ಬರುತ್ತೇನೆ. ಹಾಗೆ ಹೋಗಿ ಹೋಗಿ ಎಷ್ಟು ಸಲ ಆಯಿತೋ ಲೆಕ್ಕ ಇಟ್ಟಿಲ್ಲ. ಆದರೆ ಗೈಡ್ ಬೇಡ ಅನ್ನುವುದಕ್ಕೆ ಜನ ಕೊಡುವ ಕಾರಣಗಳ ಲೆಕ್ಕ ಇಟ್ಟಿದ್ದೇನೆ. ಮೂರೇ ಮೂರು.

ಒಂದನೆಯದು ದುಡ್ಡು. ಇದಕ್ಕೆ ಉತ್ತರ ಕೊಡುವುದೇ ದಂಡ. ಬಾಗಲಕೋಟೆಯಿಂದಲೋ ಬೆಂಗಳೂರಿನಿಂದಲೋ ಟೆಂಪೋ ಟ್ರಾವೆಲರ್ ಮಾಡಿಕೊಂಡು, ಎರಡು ರಾತ್ರಿ ಹೋಟೆಲಿಗೆ ಕೊಟ್ಟು, ಪೈಠಣಿ ಸೀರೆ ಅಂಗಡಿಯಲ್ಲಿ ಎರಡು ತಾಸು ಕೂತು, ಕೊನೆಗೆ ಹತ್ತು ಜನ ಹಂಚಿಕೊಂಡರೆ ತಲೆಗೆ ಒಂದು ಊಟದ ಬೆಲೆಯೂ ಆಗದ ಫೀಸಿಗೆ ಚೌಕಾಸಿ! ಸಾಲದ ಅರ್ಜಿ ನೋಡುವಾಗ ನಾವು ಮೊದಲು ನೋಡುತ್ತಿದ್ದದ್ದು ಈ ದುಡ್ಡು ಯಾವ ಉದ್ದೇಶಕ್ಕೆ ಅಂತ. ಬಂದ ಉದ್ದೇಶವೇ ಗುಹೆ ನೋಡುವುದಾದರೆ, ಆ ಬಾಬಿಗೆ ಮಾತ್ರ ಕತ್ತರಿ ಹಾಕುವುದು ಯಾವ ಬಜೆಟ್ಟು?

ಎರಡನೆಯದು ಸ್ವಾತಂತ್ರ್ಯ. "ನಮ್ಮ ಪಾಡಿಗೆ ನಾವು ನೋಡ್ತೀವಿ, ಅವನ ಹಿಂದೆ ಕುರಿ ಹಾಗೆ ಯಾಕೆ ಹೋಗಬೇಕು?" ಕೇಳಲು ಚೆನ್ನಾಗಿದೆ. ಆದರೆ ಪಾಡಿಗೆ ಬಿಟ್ಟಾಗ ಏನು ಮಾಡುತ್ತಾರೆ? ಎಲ್ಲೋರಾದಲ್ಲಿ ಸಾರ್ವಜನಿಕರಿಗೆ ತೆರೆದಿರುವ ಗುಹೆಗಳು 34. ಒಂದರಿಂದ 12 ಬೌದ್ಧ, 13ರಿಂದ 29 ಹಿಂದೂ, 30ರಿಂದ 34 ಜೈನ. ಗೇಟಿನ ಎದುರಿಗೇ 16ನೆಯದು, ಕೈಲಾಸ. ಸ್ವತಂತ್ರರು ಅದರೊಳಗೆ ಹೋಗಿ, ಆನೆಯ ಮುಂದೆ ನಿಂತು ಫೋಟೋ ತೆಗೆಸಿಕೊಂಡು, ಮುಕ್ಕಾಲು ತಾಸಿನಲ್ಲಿ ಹೊರಗೆ ಬಂದು ಎಳನೀರು ಕುಡಿಯುತ್ತಾರೆ. ಮಿಕ್ಕ 33 ಗುಹೆಗಳಿಂದ ಇವರು ಸಂಪೂರ್ಣ ಸ್ವತಂತ್ರರು! ಇನ್ನು ಸ್ವಲ್ಪ ಶ್ರದ್ಧೆ ಇದ್ದವರು ಒಂದರಿಂದ ಶುರು ಮಾಡಿ ನಂಬರ್ ಪ್ರಕಾರ ನಡೆಯುತ್ತಾರೆ, ನಂಬರೇ ವಯಸ್ಸು ಎಂದುಕೊಂಡು. ಆ ನಂಬರು ದಕ್ಷಿಣದಿಂದ ಉತ್ತರಕ್ಕೆ ಕೊಟ್ಟದ್ದು, ಮನೆ ನಂಬರಿನ ಹಾಗೆ. 21ನೆಯ ಮತ್ತು 29ನೆಯ ಗುಹೆಗಳು 16ಕ್ಕಿಂತ ಹಳೆಯವು. ಇಷ್ಟು ಗೊತ್ತಿಲ್ಲದ ಸ್ವಾತಂತ್ರ್ಯ ಕತ್ತಲೆ ಕೋಣೆಯಲ್ಲಿ ಓಡಾಡುವ ಸ್ವಾತಂತ್ರ್ಯ.

ಮೂರನೆಯ ಕಾರಣವೇ ನನಗೆ ನಿಜವಾಗಿ ಸಿಟ್ಟು ಬರಿಸುವುದು. ಅದು ಅಭಿಮಾನ. "ನಮ್ಮವರು ಕಟ್ಟಿಸಿದ್ದನ್ನ ನಮಗ ತೋರಿಸಾಕ ಈ ಮರಾಠಿಯಾಂವ ಯಾಕ್ರೀ ಬೇಕು?" ಇದನ್ನು ಬೇರೆ ಬೇರೆ ಬಾಯಲ್ಲಿ ಬೇರೆ ಬೇರೆ ಧಾಟಿಯಲ್ಲಿ ಕೇಳಿದ್ದೇನೆ, ಡಾಕ್ಟರರ ಬಾಯಲ್ಲೂ ಮಾಸ್ತರರ ಬಾಯಲ್ಲೂ. ಕೈಲಾಸವನ್ನು ಕೊರೆಸಿದವನು ರಾಷ್ಟ್ರಕೂಟರ ಒಂದನೆಯ ಕೃಷ್ಣ, ಸುಮಾರು 756ರಿಂದ 774ರವರೆಗೆ ಆಳಿದವನು. ನಮ್ಮವನು ಅನ್ನುವುದಕ್ಕೆ ನನ್ನದೇನೂ ಅಡ್ಡಿಯಿಲ್ಲ. ಆದರೆ ಆಸ್ತಿ ನಮ್ಮದು ಅನ್ನುವವನ ಕೈಯಲ್ಲಿ ಕಾಗದಪತ್ರ ಇರಬೇಕು. ಮೂರು ಸಣ್ಣ ಪರೀಕ್ಷೆ ಮಾಡೋಣ.

ಕೈಲಾಸದ ಅಂಗಳದಲ್ಲಿ ನಿಂತು "ಮಳಖೇಡದ ಅರಸರು" ಎಂದು ಮಕ್ಕಳಿಗೆ ಹೇಳುತ್ತಾರೆ. ಮಳಖೇಡ, ಅಂದರೆ ಮಾನ್ಯಖೇಟ, ರಾಜಧಾನಿಯಾದದ್ದು ಅಮೋಘವರ್ಷ ನೃಪತುಂಗನ ಕಾಲದಲ್ಲಿ. ಅವನು ಪಟ್ಟಕ್ಕೆ ಬಂದದ್ದು 814ರಲ್ಲಿ. ಕೃಷ್ಣ ಸತ್ತು ಆಗಲೇ 40 ವರ್ಷ. ಅದರ ಬೆನ್ನಿಗೆ ಕಾವೇರಿಯಿಂದ ಗೋದಾವರಿವರೆಗಿನ ಕನ್ನಡ ನಾಡಿನ ಮಾತು ಬಂದೇ ಬರುತ್ತದೆ. ಕವಿರಾಜಮಾರ್ಗ ಹೇಳುವ ಎಲ್ಲೆ ಅದೇ, ಸುಳ್ಳಲ್ಲ. ಆದರೆ ಪುಣೆಯಿಂದ ಬರುವಾಗ ಕಾಯಗಾಂವ್ ಟೋಕಾದ ಹತ್ತಿರ ಪ್ರವರಾ ಬಂದು ಸೇರುವಲ್ಲಿ ಒಂದು ದೊಡ್ಡ ಸೇತುವೆ ದಾಟುತ್ತೀರಿ. ಆ ನದಿಯೇ ಗೋದಾವರಿ. ಎಲ್ಲೋರಾ ಅದರ ಆಚೆ ದಡದಲ್ಲಿದೆ. ಅಂದರೆ ನೀವು ಹೇಳಿದ ಎಲ್ಲೆಯ ಪ್ರಕಾರವೇ ಎಲ್ಲೋರಾ ಹೊರಗಾಯಿತು! ಸೇತುವೆ ದಾಟುವಾಗ ಬಸ್ಸಿನಲ್ಲಿ ಅಂತ್ಯಾಕ್ಷರಿ ನಡೆದಿರುತ್ತದೆ, ಯಾರಿಗೂ ಗೊತ್ತಾಗಿರುವುದಿಲ್ಲ.

ಇನ್ನು ಅಜಂತಾ. ಅಲ್ಲಿಯ 1ನೇ ಗುಹೆಯಲ್ಲಿ ನಮ್ಮವರು ಹುಡುಕುವುದು ಒಂದೇ, ಇಮ್ಮಡಿ ಪುಲಕೇಶಿ ಪರ್ಷಿಯದ ರಾಯಭಾರಿಯನ್ನು ಬರಮಾಡಿಕೊಳ್ಳುವ ಚಿತ್ರ. ಶಾಲೆಯಲ್ಲಿ ನಾನೂ ಅದನ್ನೇ ಓದಿದವನು. 19ನೇ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಹೇಳಿದ ಊಹೆ ಅದು. ಈಗ ಹೆಚ್ಚಿನ ವಿದ್ವಾಂಸರು ಆ ಗುಹೆಯನ್ನು ವಾಕಾಟಕ ಹರಿಷೇಣನ ಕಾಲಕ್ಕೆ, ಅಂದರೆ 5ನೇ ಶತಮಾನದ ಕೊನೆಯ ಭಾಗಕ್ಕೆ ಹಾಕುತ್ತಾರೆ. ಪುಲಕೇಶಿ ಆಳಿದ್ದು 610ರಿಂದ 642. ಮುತ್ತಜ್ಜನ ಮದುವೆ ಆಲ್ಬಮ್ಮಿನಲ್ಲಿ ಮರಿಮಗನ ಫೋಟೋ ಇರುವುದು ಹೇಗೆ? ಅದು ಬೌದ್ಧ ಕಥೆಯೊಂದರ ಅರಮನೆಯ ದೃಶ್ಯ ಎಂದೇ ಈಗ ತಿಳಿಯುತ್ತಾರೆ.

"ಹಾಗಾದರೆ ಗೈಡ್ ಮಾಡಿಕೊಂಡರೆ ಇದೆಲ್ಲ ಸರಿಯಾಗಿ ಹೇಳುತ್ತಾನೋ?" ಅಂತ ನೀವು ಕೇಳಬೇಕು. ಕೇಳದಿದ್ದರೆ ನನಗೆ ಬೇಸರ. ಇಲ್ಲ ಸ್ವಾಮಿ, ಎಲ್ಲರೂ ಹೇಳುವುದಿಲ್ಲ. ಗೈಡ್‌ಗಳ ವಕಾಲತ್ತು ನಾನು ಹಿಡಿದಿಲ್ಲ. ಗಾಡಿಯ ನಂಬರ್ ಪ್ಲೇಟಿನಲ್ಲಿ ಕೆಎ ಕಂಡ ಕೂಡಲೇ ಪುಲಕೇಶಿಯನ್ನು ತೋರಿಸುವ ಗೈಡನ್ನು ನಾನೇ ನೋಡಿದ್ದೇನೆ. ಅದೇ ಮನುಷ್ಯ ಮುಂದಿನ ಗುಂಪಿಗೆ ಪುಲಕೇಶಿಯ ಸುದ್ದಿಯನ್ನೇ ಎತ್ತಲಿಲ್ಲ. ಕೈಲಾಸಕ್ಕಾಗಿ ತೆಗೆದ ಕಲ್ಲು ಒಬ್ಬನ ಬಾಯಲ್ಲಿ ಎರಡು ಲಕ್ಷ ಟನ್, ಇನ್ನೊಬ್ಬನ ಬಾಯಲ್ಲಿ ನಾಲ್ಕು ಲಕ್ಷ. ಆ ಕಲ್ಲನ್ನು ತೂಗಿದವರು ಯಾರೂ ಇಲ್ಲ. ಖಾಲಿ ಜಾಗದ ಅಳತೆಯಿಂದ ಹಾಕಿದ ಅಂದಾಜು ಅದು. ಈಗೀಗ ಮೊಬೈಲ್ ವಿಡಿಯೋ ನೋಡಿ ಬಂದವರಿಗೆ ಬೇರೆ ಗ್ರಹದವರು ಬಂದು ಕೊರೆದರು ಎಂಬುದನ್ನೂ ಕೆಲವರು ಸೇರಿಸುತ್ತಾರೆ. ಅಂಗಳದ ಗೋಡೆಯ ಮೇಲೆ ಉಳಿಯ ಗುರುತು ಕಣ್ಣಿಗೆ ಕಾಣುವ ಹಾಗಿದೆ. ಅಜಂತಾದ 24ನೇ ಗುಹೆಯಂತೂ ಅರ್ಧಕ್ಕೇ ನಿಂತದ್ದು. ಮನುಷ್ಯರು ಹೇಗೆ ಸಾಲು ಸಾಲಾಗಿ ಕಲ್ಲು ಕಡಿಯುತ್ತ ಒಳಗೆ ಹೋದರು ಎಂಬುದಕ್ಕೆ ಅದೇ ಸಾಕ್ಷಿ.

ವೋಚರ್ ಇಲ್ಲದೆ ಎಂಟ್ರಿ ಪಾಸ್ ಮಾಡಬಾರದು, ಇದು ಬ್ಯಾಂಕಿನಲ್ಲಿ ಮೊದಲ ವಾರ ಕಲಿಸುವ ಪಾಠ. ಗೈಡ್ ಹೇಳಿದ್ದು ಎಂಟ್ರಿ. ವೋಚರ್ ಕೇಳುವುದು ನಿಮ್ಮ ಕೆಲಸ. "ಕೃಷ್ಣನೇ ಕೊರೆಸಿದ ಅನ್ನುವುದು ಹೇಗೆ ಗೊತ್ತು?" ಅಂತ ಕೇಳಿ ನೋಡಿ. ಬಲ್ಲವನಾದರೆ 812-13ರ ಬರೋಡಾ ತಾಮ್ರಪಟದ ಹೆಸರು ಹೇಳುತ್ತಾನೆ. ಎಲಾಪುರದಲ್ಲಿ ಕೃಷ್ಣರಾಜ ದೇವಾಲಯ ಮಾಡಿಸಿದ ಮಾತು ಅದರಲ್ಲಿದೆ. ಪಕ್ಕದ 15ನೇ ಗುಹೆಗೆ ಕರೆದುಕೊಂಡು ಹೋಗಿ ದಂತಿದುರ್ಗನ ಶಾಸನ ತೋರಿಸುತ್ತಾನೆ. ಅಂಥವನು ಸಿಕ್ಕರೆ ಅವನು ಕೇಳಿದ್ದಕ್ಕಿಂತ ಐವತ್ತು ಹೆಚ್ಚು ಕೊಡಿ. ಸಿಗುತ್ತಾರೆ, ನನಗೆ ಸಿಕ್ಕಿದ್ದಾರೆ. ಆದರೆ ಈ ಪ್ರಶ್ನೆ ಕೇಳಬೇಕು ಅಂತ ಹೊಳೆಯುವುದಕ್ಕೂ ಸ್ವಲ್ಪ ಓದಿರಬೇಕು ನೋಡಿ. ಹೇಗೆ ತಿರುವಿ ಹಾಕಿದರೂ ಲೆಕ್ಕ ಅಲ್ಲಿಗೇ ಬಂದು ನಿಲ್ಲುತ್ತದೆ.

ಓದು ಅಂದರೆ ಪಿಎಚ್.ಡಿ. ಮಾಡಿ ಅಂದೆನೇ? ಇಲ್ಲ. ಕರ್ನಾಟಕದವರಿಗೆ ಎಲ್ಲೋರಾದ ಅರ್ಧ ಓದು ಮನೆಯ ಹತ್ತಿರವೇ ಇದೆ, ಅದೇ ಮರೆತಿದ್ದಾರೆ. ಮೊದಲು ಪಟ್ಟದಕಲ್ಲಿಗೆ ಹೋಗಿ. ಅಲ್ಲಿಯ ವಿರೂಪಾಕ್ಷ ದೇವಾಲಯ, ಚಾಲುಕ್ಯ ಇಮ್ಮಡಿ ವಿಕ್ರಮಾದಿತ್ಯನ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಅವನು ಕಂಚಿ ಗೆದ್ದದ್ದರ ನೆನಪಿಗೆ ಅದು ಎದ್ದಿತು. ಕಂಚಿಯ ಕೈಲಾಸನಾಥ ಗುಡಿಯಲ್ಲಿ ಅವನ ಕನ್ನಡ ಶಾಸನವೇ ಇದೆ. ವಿರೂಪಾಕ್ಷದ ಮುಂದೆ ಒಂದು ತಾಸು ಕೂತುಕೊಳ್ಳಿ. ನಂದಿ ಮಂಟಪ ಎಲ್ಲಿ, ಮೂರು ಕಡೆಯ ಮುಖಮಂಟಪ ಎಲ್ಲಿ, ಶಿಖರ ಹೇಗೆ ಏರುತ್ತದೆ, ಕಂಬದ ಮೇಲೆ ರಾಮಾಯಣ ಮಹಾಭಾರತ ಹೇಗೆ ಬಂದಿದೆ, ನೋಡಿಕೊಳ್ಳಿ. ಆಮೇಲೆ ಎಲ್ಲೋರಾದ 16ಕ್ಕೆ ಬನ್ನಿ. ಅದೇ ವಿನ್ಯಾಸ ಮೇಲಿನಿಂದ ಕೆಳಕ್ಕೆ, ಒಂದೇ ಬೆಟ್ಟದಲ್ಲಿ ಕೊರೆದು ನಿಂತಿರುತ್ತದೆ. ದಕ್ಷಿಣದ ಗೋಡೆಗೆ ರಾಮಾಯಣ, ಉತ್ತರದ ಗೋಡೆಗೆ ಮಹಾಭಾರತ. ದಕ್ಷಿಣದಲ್ಲೇ ಕೆಳಗೆ ಕೈಲಾಸ ಅಲುಗಿಸುವ ರಾವಣ. ಇಷ್ಟು ತಯಾರಿ ಇದ್ದರೆ ಗೈಡ್ ಬೇಡ ಅನ್ನಿ, ನಾನೇ ಚಪ್ಪಾಳೆ ತಟ್ಟುತ್ತೇನೆ. ಅಂಥವರಿಗೆ ಗೈಡಿನ ಗಡಿಯಾರ ಅಡ್ಡಿಯೇ. ಅವನಿಗೆ ಇನ್ನೊಂದು ಗುಂಪು ಕಾದಿರುತ್ತದೆ. ನಿಮಗೆ ಒಂದೇ ಕಂಬದ ಮುಂದೆ ಅರ್ಧ ತಾಸು ಬೇಕು.

ತಾಸುಗಟ್ಟಲೆ ಸಮಯ ಇದ್ದರೆ ಉತ್ತರದ ಕೊನೆಗೆ, ಜೈನ ಗುಹೆಗಳಿಗೆ ಹೋಗಿ. ಸ್ವಲ್ಪ ದೂರ ಅಂತ ಹೆಚ್ಚಿನ ಗುಂಪುಗಳು ಅಲ್ಲಿಗೆ ಹೋಗುವುದಿಲ್ಲ, ಗೈಡ್‌ಗಳೂ ಒತ್ತಾಯ ಮಾಡುವುದಿಲ್ಲ. ಜಗನ್ನಾಥ ಸಭೆ ಎಂಬ ಗುಹೆಯ ಕಂಬಗಳ ಮೇಲೆ ಹಳಗನ್ನಡದ ತುಣುಕು ಶಾಸನಗಳಿರುವುದನ್ನು ಜೇಮ್ಸ್ ಬರ್ಜೆಸ್ 19ನೇ ಶತಮಾನದಲ್ಲೇ ದಾಖಲಿಸಿದ್ದಾರೆ. 16ನೇ ಗುಹೆಯಲ್ಲಿ "ನಮ್ಮದು ನಮ್ಮದು" ಎಂದು ಗಂಟಲು ಹರಿದುಕೊಂಡವರು, ಕನ್ನಡದ ಅಕ್ಷರ ಇರುವ ಕಡೆಗೆ ಮಾತ್ರ ಕಾಲು ಹಾಕುವುದಿಲ್ಲ. ಇದಕ್ಕೆ ಏನು ಹೇಳೋಣ?

ಅಜಂತಾಕ್ಕೆ ಮಾತ್ರ ನನ್ನ ತೀರ್ಪು ಬೇರೆ. ಅಲ್ಲಿ ಎಷ್ಟೇ ಓದಿದ್ದರೂ ಮೊದಲ ಸಲ ಗೈಡ್ ಮಾಡಿಕೊಳ್ಳಿ. ಬಣ್ಣ ಉಳಿಯಲಿ ಅಂತ ಒಳಗೆ ಬೆಳಕು ಮಂದ ಇಟ್ಟಿದ್ದಾರೆ, ಚಿತ್ರ ಅಲ್ಲಲ್ಲಿ ಉದುರಿದೆ, ಒಂದೊಂದು ಗೋಡೆಯಲ್ಲಿ ಜಾತಕ ಕಥೆ ಎಲ್ಲಿ ಶುರುವಾಗಿ ಎಲ್ಲಿಗೆ ತಿರುಗುತ್ತದೆ ಎಂಬುದು ಬೆರಳು ಹಿಡಿದು ತೋರಿಸದೆ ತಿಳಿಯುವುದಿಲ್ಲ. ಪರವಾನಗಿಯ ಬ್ಯಾಡ್ಜ್ ಇದ್ದವರನ್ನೇ ಕರೆದುಕೊಳ್ಳಿ, ಫೀ ಮೊದಲೇ ಮಾತಾಡಿ, ಆಮೇಲೆ ಕಡಿಮೆ ಮಾಡಬೇಡಿ. ಅಂದ ಹಾಗೆ ಎಲ್ಲೋರಾಕ್ಕೆ ಮಂಗಳವಾರ ರಜೆ, ಅಜಂತಾಕ್ಕೆ ಸೋಮವಾರ. ಇದನ್ನೂ ನೋಡದೆ ಬಂದು ಗೇಟಿನ ಮುಂದೆ ಸರ್ಕಾರವನ್ನು ಬೈಯುವವರಿದ್ದಾರೆ.

ನಿಮಗೆ ಅನ್ನಿಸಬಹುದು, ಪ್ರವಾಸಕ್ಕೆ ಬಂದವರ ಮೇಲೆ ಈ ಮುದುಕನಿಗೆ ಯಾಕಿಷ್ಟು ಸಿಟ್ಟು ಅಂತ. ಕಾರಣ ಇದೆ. ನೀವು ಗೈಡಿನ ಹತ್ತಿರ, ಚಹಾದ ಅಂಗಡಿಯವನ ಹತ್ತಿರ "ಇದು ಕನ್ನಡದವರದು, ನಿಮ್ಮದಲ್ಲ" ಎಂದು ಜಗಳ ತೆಗೆದು ರಾತ್ರಿ ಬಸ್ಸು ಹತ್ತುತ್ತೀರಿ. ನಾವು ಇಲ್ಲೇ ಇರುವವರು. ನಮ್ಮ ಸೊಸೈಟಿಯಲ್ಲಿ ರಾಷ್ಟ್ರಕೂಟರು ತಮ್ಮವರೂ ಹೌದು ಅನ್ನುವ ಮರಾಠಿ ಮಿತ್ರರಿದ್ದಾರೆ. ಓದಿದವರು, ದಾಖಲೆ ಇಟ್ಟು ಮಾತಾಡುವವರು. 1956ರ, 1960ರ ರಾಜ್ಯದ ಗೆರೆಗಳನ್ನು 8ನೇ ಶತಮಾನದ ಅರಸನ ಮೇಲೆ ಎಳೆಯುವುದು ಸರಿಯಲ್ಲ ಅಂತ ಅವರೂ ಒಪ್ಪುತ್ತಾರೆ, ನಾನೂ ಒಪ್ಪುತ್ತೇನೆ. ಪಟ್ಟದಕಲ್ಲಿನ ನಂಟು ತೋರಿಸಿದರೆ ಆಸಕ್ತಿಯಿಂದ ಕೇಳುತ್ತಾರೆ. ಇಬ್ಬರು ಹೋಗಿ ನೋಡಿಯೂ ಬಂದರು. ಪರನಾಡಿನಲ್ಲಿ ಕನ್ನಡಕ್ಕೆ ಮರ್ಯಾದೆ ಬರುವುದು ಹೀಗೆ, ಗೊತ್ತಿರುವುದನ್ನು ಸರಿಯಾಗಿ ಹೇಳುವುದರಿಂದ. ವರ್ಷಗಟ್ಟಲೆ ಕೂಡಿಟ್ಟ ಆ ಠೇವಣಿಯನ್ನು ಮುಕ್ಕಾಲು ತಾಸಿನ ಪ್ರವಾಸಿ ಒಂದೇ ಕೂಗಿನಲ್ಲಿ ತೆಗೆದು ಖರ್ಚು ಮಾಡಿಬಿಟ್ಟರೆ ಸಿಟ್ಟು ಬರಬಾರದೇ?

ಆದ್ದರಿಂದ ಬರುವವರು ಬನ್ನಿ, ರೊಟ್ಟಿ ಇದ್ದೇ ಇದೆ. ಹೊರಡುವ ಮುಂಚೆ ಒಂದು ಫೋನ್ ಮಾಡಿ. ಪಟ್ಟದಕಲ್ಲು ನೋಡಿ ಎಷ್ಟು ವರ್ಷವಾಯಿತು ಅಂತ ಕೇಳುತ್ತೇನೆ. "ಶಾಲೆಯಲ್ಲಿದ್ದಾಗ ಟ್ರಿಪ್ಪಿನಲ್ಲಿ ಹೋಗಿದ್ದೆ" ಅನ್ನುವವರಿಗೆ ಗೈಡನ್ನು ನಾನೇ ಗೊತ್ತು ಮಾಡಿರುತ್ತೇನೆ. ಫೀ ಮಾತ್ರ ನೀವೇ ಕೊಡಬೇಕು.