ಪತ್ತೇದಾರ ಪುರುಷೋತ್ತಮನ ಓದುಗರು: ಭಿನ್ನಾಭಿಪ್ರಾಯಗಳ ಅಧ್ಯಯನಕ್ಕೊಂದು ಪೀಠಿಕೆ

ಕನ್ನಡದಲ್ಲಿ ಪತ್ತೇದಾರಿ ಕಾದಂಬರಿಯ ಮಾತು ಬಂದಾಗಲೆಲ್ಲ ಎರಡು ಅಭಿಪ್ರಾಯಗಳು ಎದುರುಬದುರಾಗಿ ನಿಲ್ಲುತ್ತವೆ. ಸಾಮಾನ್ಯ ಕನ್ನಡಿಗರಿಗೆ ಓದುವ ಹವ್ಯಾಸ ಹಿಡಿಸಿದ್ದೇ ಈ ಪುಸ್ತಕಗಳು ಎಂಬುದು ಒಂದು. ಅವರ ಅಭಿರುಚಿಯನ್ನು ಕೆಡಿಸಿದ್ದೂ ಇವೇ ಎಂಬುದು ಇನ್ನೊಂದು. ಎರಡನ್ನೂ ಹೇಳುವವರು ಓದುಗರ ಹೆಸರಿನಲ್ಲಿಯೇ ಹೇಳುತ್ತಾರೆ. ಆದರೆ ಆ ಓದುಗರು ಯಾರು, ಅವರು ಏನನ್ನು ಮೆಚ್ಚಿದರು, ಏನನ್ನು ಒಪ್ಪದೆ ಹೋದರು ಎಂಬುದನ್ನು ಅವರ ಬಾಯಿಂದಲೇ ಕೇಳಿ ದಾಖಲಿಸುವ ಕೆಲಸ ನಮ್ಮ ಕನ್ನಡ ವಿಭಾಗಗಳಲ್ಲಿ ತೀರ ಕಡಿಮೆ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಮುಂದಿಟ್ಟುಕೊಂಡು ಈ ಕೊರತೆಯತ್ತ ಗಮನ ಸೆಳೆಯುವುದು ಪ್ರಸ್ತುತ ಲೇಖನದ ಉದ್ದೇಶ.

1

ನರಸಿಂಹಯ್ಯನವರ (1925-2011) ಶಾಲೆಯ ಓದು ನಾಲ್ಕನೆಯ ತರಗತಿಗೇ ನಿಂತಿತು. 1952ರಲ್ಲಿ 'ಪತ್ತೇದಾರ ಪುರುಷೋತ್ತಮ' ಕಾದಂಬರಿಯಿಂದ ಆರಂಭವಾದ ಅವರ ಬರವಣಿಗೆ ಐದುನೂರಕ್ಕೂ ಮೀರಿದ ಪುಸ್ತಕಗಳವರೆಗೆ ಬೆಳೆಯಿತು. ಪುರುಷೋತ್ತಮನ ಜೊತೆಗೆ ಮಧುಸೂದನ, ಅರಿಂಜಯ, ಗಾಳಿರಾಯ ಮೊದಲಾದ ಪತ್ತೇದಾರರೂ ಕನ್ನಡ ಓದುಗರ ಮನೆಮಾತಾದರು. ಅನುವಾದ, ರೂಪಾಂತರಗಳ ನೆರಳಿನಲ್ಲಿದ್ದ ಈ ಪ್ರಕಾರಕ್ಕೆ ಕನ್ನಡದ ಹೆಸರು, ಕನ್ನಡದ ಊರು, ಕನ್ನಡದ ಮಾತುಗಾರಿಕೆ ದೊರೆತದ್ದು ಬಹುಮಟ್ಟಿಗೆ ಈ ಕಾದಂಬರಿಗಳಿಂದ. ಮ. ರಾಮಮೂರ್ತಿಯವರು ಮತ್ತು ಟಿ. ಕೆ. ರಾಮರಾಯರು ಇದೇ ಹಾದಿಯನ್ನು ತಮ್ಮ ತಮ್ಮ ರೀತಿಯಲ್ಲಿ ಅಗಲಗೊಳಿಸಿದರು.

ಇಷ್ಟು ದೊಡ್ಡ ಸಂಖ್ಯೆಯ ಪುಸ್ತಕಗಳ ಬಗೆಗೆ ನಮ್ಮ ಸಾಹಿತ್ಯ ಚರ್ಚೆಯಲ್ಲಿ ಸಿಗುವುದು ಸಾಮಾನ್ಯವಾಗಿ ಒಂದೆರಡು ವಾಕ್ಯ. ಆ ವಾಕ್ಯಗಳಲ್ಲಿ ಸಂಖ್ಯೆ ಇರುತ್ತದೆ, ಜನಪ್ರಿಯತೆಯ ಪ್ರಸ್ತಾಪ ಇರುತ್ತದೆ. ಯಾವ ಕಾದಂಬರಿಯನ್ನಾದರೂ ಓದಿ ಮಾಡಿದ ವಿವೇಚನೆ ಇರುವುದು ಅಪರೂಪ. ಮಂಡ್ಯ ಜಿಲ್ಲೆಯ ಸಾಹಿತ್ಯ ಪರಂಪರೆಯನ್ನು ಹೇಳುವಾಗ ಮೇಲುಕೋಟೆಯ ಪು.ತಿ.ನ., ಕಿಕ್ಕೇರಿಯ ಕೆ. ಎಸ್. ನರಸಿಂಹಸ್ವಾಮಿ, ಮಂಡ್ಯದಲ್ಲಿ ಜನಿಸಿದ ತ್ರಿವೇಣಿ ಇವರನ್ನು ನಾವು ಅಭಿಮಾನದಿಂದ ನೆನೆಯುತ್ತೇವೆ. ಇದು ಸರಿಯೇ. ಆದರೆ ಇದು ಬರೆದವರ ಪರಂಪರೆ. ಓದಿದವರ ಪರಂಪರೆ ಎಂಬುದೊಂದು ಇದ್ದರೆ ಅದರ ಹುಡುಕಾಟ ಬೇರೆ ಕಡೆಯಿಂದ ಆರಂಭವಾಗಬೇಕು.

2

ಅಂಥ ಹುಡುಕಾಟಕ್ಕೆ ಮಂಡ್ಯ ತಾಲ್ಲೂಕಿನ ಹೋಬಳಿ ಕೇಂದ್ರವಾದ ದುದ್ದ ಒಂದು ತಕ್ಕ ಎಡೆ. ಇದು ಪುಸ್ತಕದಂಗಡಿಗಳ ಊರಲ್ಲ. ಇಲ್ಲಿಯ ಹಿರಿಯರಿಗೆ ಈ ಕಾದಂಬರಿಗಳು ಬಂದು ತಲುಪಿದ್ದು ಮಂಡ್ಯಕ್ಕೆ ಹೋಗಿಬಂದವರ ಕೈಚೀಲದಲ್ಲಿ, ಬೇಸಗೆ ರಜೆಗೆ ಬಂದ ನೆಂಟರ ಪೆಟ್ಟಿಗೆಯಲ್ಲಿ. ಒಂದೇ ಪ್ರತಿ ಮನೆಯಿಂದ ಮನೆಗೆ ಅಲೆಯುತ್ತ ರಟ್ಟು ಕಳೆದುಕೊಂಡು ಕೊನೆಯ ಹಾಳೆಗಳಿಲ್ಲದೆ ಕೈಸೇರಿದಾಗ, ಕೊಲೆಗಾರ ಯಾರೆಂಬುದನ್ನು ತಾವೇ ಕೂತು ತೀರ್ಮಾನಿಸಿಕೊಂಡದ್ದನ್ನು ನೆನೆಯುವವರು ಇಲ್ಲಿದ್ದಾರೆ. ಈ ಹೋಬಳಿಯ ಕೆಲವು ಹಿರಿಯ ಓದುಗರೊಡನೆ ಬೇರೆ ಬೇರೆ ಸಂದರ್ಭಗಳಲ್ಲಿ ನಡೆಸಿದ ಮಾತುಕತೆಯಿಂದ ಹೊಳೆದ ಕೆಲವು ಸಂಗತಿಗಳನ್ನು ಇಲ್ಲಿ ಹೇಳಬಹುದು. ಇದು ಸಮೀಕ್ಷೆಯಲ್ಲ, ಸಮೀಕ್ಷೆಯೊಂದು ಏಕೆ ಅಗತ್ಯ ಎಂಬುದಕ್ಕೆ ನಿದರ್ಶನ ಮಾತ್ರ.

ಮೊದಲನೆಯ ಅಭಿಪ್ರಾಯ ಕೃತಜ್ಞತೆಯದು. ಅಕ್ಷರ ಕಲಿಸಿದ್ದು ಶಾಲೆಯಾದರೂ ತಡೆಯಿಲ್ಲದೆ ಓದುವುದನ್ನು ಕಲಿಸಿದ್ದು ಪುರುಷೋತ್ತಮ ಎನ್ನುವವರು ಹಲವರು. ವಾಕ್ಯ ಚಿಕ್ಕದು, ಸಂಭಾಷಣೆ ಹೆಚ್ಚು, ಅಧ್ಯಾಯದ ಕೊನೆಯಲ್ಲಿ ಮುಂದಿನ ಅಧ್ಯಾಯದ ಸೆಳೆತ: ಹೊಸದಾಗಿ ಓದು ಕಲಿತವನಿಗೆ ಇವು ಸಣ್ಣ ಅನುಕೂಲಗಳಲ್ಲ. ಎರಡನೆಯ ಅಭಿಪ್ರಾಯ ಬೇಸರದ್ದು. ಹತ್ತಿಪ್ಪತ್ತು ಪುಸ್ತಕಗಳಾದ ಮೇಲೆ ಮುಂದೇನಾಗುತ್ತದೆಂಬುದು ತಾನಾಗಿ ತಿಳಿಯತೊಡಗಿತು, ಪತ್ತೇದಾರನಿಗೆ ಸೋಲೇ ಇಲ್ಲವೆಂದಾದ ಮೇಲೆ ಓದಿ ಆಗುವುದೇನು ಎನ್ನುವವರು ಇವರು. ಮೂರನೆಯದು ನೀತಿಯ ಆಕ್ಷೇಪ. ಮನೆಯ ಹಿರಿಯರ ಕಣ್ಣುತಪ್ಪಿಸಿ ಓದಿದ ಹೆಣ್ಣುಮಕ್ಕಳಲ್ಲಿ ಕೆಲವರು, ಆ ಕಥೆಗಳಲ್ಲಿ ಹೆಂಗಸರಿಗೆ ದೊರೆತ ಸ್ಥಾನ ತಮಗೆ ಆಗಲೇ ಹಿಡಿಸಲಿಲ್ಲವೆಂದೂ ಅಲ್ಲಿಂದ ತ್ರಿವೇಣಿಯವರ ಕಾದಂಬರಿಗಳತ್ತ ಹೊರಳಿದೆವೆಂದೂ ಹೇಳುತ್ತಾರೆ.

ಇಲ್ಲಿ ಗಮನಿಸಬೇಕಾದುದೆಂದರೆ, ಈ ಮೂರು ಅಭಿಪ್ರಾಯಗಳು ಮೂರು ಗುಂಪುಗಳಿಗೆ ಹಂಚಿಹೋದವಲ್ಲ. ಅನೇಕ ವೇಳೆ ಒಬ್ಬರೇ ಓದುಗರಲ್ಲಿ ಮೂರೂ ಒಟ್ಟಿಗಿವೆ. ಹದಿನಾಲ್ಕರ ಹರೆಯದಲ್ಲಿ ಮೆಚ್ಚಿದ್ದನ್ನು ಮೂವತ್ತರಲ್ಲಿ ಬಿಟ್ಟು, ಎಪ್ಪತ್ತರಲ್ಲಿ ಪ್ರೀತಿಯಿಂದ ನೆನೆಯುವವರು ಅವರು. ಹಾಗಾಗಿ ಜನಪ್ರಿಯ ಓದುಗ, ಗಂಭೀರ ಓದುಗ ಎಂದು ನಾವು ಎಳೆಯುವ ಗೆರೆ ಇಬ್ಬರು ವ್ಯಕ್ತಿಗಳ ನಡುವಿನದಲ್ಲ. ಬಹಳಷ್ಟು ಸಂದರ್ಭಗಳಲ್ಲಿ ಅದು ಒಬ್ಬನೇ ಓದುಗನ ಬಾಳಿನ ಎರಡು ಘಟ್ಟಗಳ ನಡುವಿನದು. ಅಭಿರುಚಿ ಕೆಟ್ಟಿತು ಎಂಬ ವಾದವಾಗಲಿ ಅಭಿರುಚಿ ಬೆಳೆಯಿತು ಎಂಬ ವಾದವಾಗಲಿ ಈ ಚಲನೆಯನ್ನು ಗಣನೆಗೆ ತೆಗೆದುಕೊಂಡಿಲ್ಲ.

3

ಬೇಸರದ ಅಭಿಪ್ರಾಯವನ್ನು ಇನ್ನಷ್ಟು ವಿವೇಚಿಸಬೇಕಾಗಿದೆ. ಏಕೆಂದರೆ ವಿಮರ್ಶಕರ ಮುಖ್ಯ ಆಕ್ಷೇಪವೂ ಅದೇ: ಕಥೆ ಸಿದ್ಧಸೂತ್ರದಂತೆ ನಡೆಯುತ್ತದೆ, ಪಾತ್ರಗಳು ಬೆಳೆಯುವುದಿಲ್ಲ, ಅಂತ್ಯ ಮೊದಲೇ ನಿಶ್ಚಿತ. ಆಕ್ಷೇಪ ಸುಳ್ಳಲ್ಲ. ಆದರೆ ಸೂತ್ರಬದ್ಧತೆಯನ್ನು ನಾವು ಎಲ್ಲ ಕಡೆಯೂ ದೋಷವೆಂದು ಎಣಿಸುವುದಿಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿಯ ಕಥೆಯನ್ನು ನೀಲಗಾರರು ರಾತ್ರಿಯಿಡೀ ಹಾಡುವಾಗ, ಮಾದೇಶ್ವರನ ಕಥೆಯನ್ನು ಕಂಸಾಳೆಯವರು ನಿರೂಪಿಸುವಾಗ ಕೇಳುಗರಿಗೆ ಅಂತ್ಯ ಗೊತ್ತಿಲ್ಲವೇ? ಪುನರುಕ್ತಿ ಅಲ್ಲಿಲ್ಲವೇ? ಅಲ್ಲಿ ಅದನ್ನು ಮೌಖಿಕ ಪರಂಪರೆಯ ಲಕ್ಷಣವೆಂದು ವಿವರಿಸುವ ನಾವು ಇಲ್ಲಿ ಅದನ್ನೇ ಬರಹಗಾರನ ಬಡತನವೆಂದು ತೀರ್ಮಾನಿಸುತ್ತೇವೆ. ದುದ್ದದಂಥ ಊರುಗಳಲ್ಲಿ ನೀಲಗಾರರ ಕಥೆಗೆ ಕಿವಿಗೊಟ್ಟವರೂ ಪುರುಷೋತ್ತಮನ ಕಥೆಯನ್ನು ಓದಿದವರೂ ಒಂದೇ ಮನೆಯವರಾಗಿದ್ದರು ಎಂಬುದನ್ನು ಮರೆಯುವಂತಿಲ್ಲ.

ಹೀಗೆಂದ ಮಾತ್ರಕ್ಕೆ ಎರಡೂ ಒಂದೇ ಎಂದು ವಾದಿಸಿದಂತಾಗುವುದಿಲ್ಲ. ಜನಪದ ಮಹಾಕಾವ್ಯದ ಹಿಂದೆ ಒಕ್ಕಲು, ಆಚರಣೆ, ನಂಬಿಕೆಗಳಿವೆ. ಕಾದಂಬರಿ ಮಾಲೆಯ ಹಿಂದೆ ಪ್ರಕಾಶಕನ ಗಡುವು, ಮಾರಾಟದ ಲೆಕ್ಕಗಳಿವೆ. ಹಾಡುವವನು ಎದುರಿಗಿರುವ ಕೇಳುಗರ ಮುಖ ನೋಡಿ ಕಥೆಯನ್ನು ಹಿಗ್ಗಿಸುತ್ತಾನೆ, ಕುಗ್ಗಿಸುತ್ತಾನೆ. ಅಚ್ಚಾದ ಪುಸ್ತಕಕ್ಕೆ ಆ ಸ್ವಾತಂತ್ರ್ಯವಿಲ್ಲ. ಓದುಗರ ಬೇಸರ ಹುಟ್ಟುವುದು ಬಹುಶಃ ಈ ವ್ಯತ್ಯಾಸದಲ್ಲಿಯೇ. ಆದರೆ ವ್ಯತ್ಯಾಸವನ್ನು ಹೀಗೆ ಗುರುತಿಸಬೇಕಾದರೆ ಎರಡನ್ನೂ ಅಧ್ಯಯನದ ಮಟ್ಟದಲ್ಲಿ ಒಟ್ಟಿಗಿಟ್ಟು ನೋಡಬೇಕಾಗುತ್ತದೆ. ಒಂದನ್ನು ಗ್ರಂಥಭಂಡಾರಕ್ಕೂ ಇನ್ನೊಂದನ್ನು ರದ್ದಿ ಅಂಗಡಿಗೂ ಕಳಿಸಿದ ಮೇಲೆ ಹೋಲಿಕೆಗೆ ಆಸ್ಪದವೇ ಉಳಿಯುವುದಿಲ್ಲ.

4

ಪ್ರಕಾರವೇ ಕೀಳೆಂಬ ವಾದವನ್ನು ನಮ್ಮ ಸಾಹಿತ್ಯವೇ ಅಲ್ಲಗಳೆದಿದೆ. 1985ರಲ್ಲಿ ಪ್ರಕಟವಾಗಿ 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ'ದಲ್ಲಿ ತನಿಖೆಗೆಂದು ಕೆಸರೂರಿಗೆ ಬರುವ ಶ್ಯಾಮನಂದನ ಅಂಗಡಿಯಿದ್ದಾನೆ, ಅನುಮಾನಗಳಿವೆ, ಸುಳಿವುಗಳಿವೆ. ಅಲ್ಲಿ ರಹಸ್ಯ ಒಬ್ಬ ಅಪರಾಧಿಯಲ್ಲಿ ಬಗೆಹರಿಯದೆ ಸಮಾಜದ ಒಳಗೇ ಹರಡಿಕೊಳ್ಳುತ್ತದೆ. ಪುರುಷೋತ್ತಮನ ಲೋಕದಲ್ಲಿ ಪ್ರತಿಯೊಂದು ರಹಸ್ಯಕ್ಕೂ ಉತ್ತರವಿದೆ. ಉತ್ತರವನ್ನು ನಿರಾಕರಿಸುವ ಕೃತಿಯ ಬಲ ತಿಳಿಯುವುದು, ಉತ್ತರವನ್ನು ನಿರೀಕ್ಷಿಸುವಂತೆ ಓದುಗರನ್ನು ಪಳಗಿಸಿದ ಕೃತಿಗಳು ಮೊದಲು ಇದ್ದುದರಿಂದಲೇ. ಹಾಗಾಗಿ ತೇಜಸ್ವಿಯವರನ್ನು ಪಾಠ ಹೇಳುವ ಅಧ್ಯಾಪಕರು ನರಸಿಂಹಯ್ಯನವರನ್ನು ಪೂರ್ತಿ ಬಿಟ್ಟು ಮುಂದೆ ಹೋಗುವುದು ಕಷ್ಟ.

ಬೇರೆ ಭಾಷೆಗಳ ವಿದ್ವಾಂಸರು ಇಂಥ ಪ್ರಶ್ನೆಯನ್ನು ಎದುರಿಸಿದ ಬಗೆಯೂ ಬೋಧಪ್ರದವಾಗಿದೆ. ಹಿಂದಿ ಸಾಹಿತ್ಯದ ಚರಿತ್ರೆಯನ್ನು 1929ರಲ್ಲಿ ಪ್ರಕಟಿಸಿದ ರಾಮಚಂದ್ರ ಶುಕ್ಲರು ದೇವಕೀನಂದನ ಖತ್ರಿಯವರ 'ಚಂದ್ರಕಾಂತಾ'ವನ್ನು ಸಾಹಿತ್ಯದ ಕೋಟಿಗೆ ಸೇರಿಸಲು ಒಪ್ಪಲಿಲ್ಲ. ಆದರೂ ಹಿಂದಿಗೆ ಅಷ್ಟು ಓದುಗರನ್ನು ದೊರಕಿಸಿಕೊಟ್ಟವರು ಇನ್ನೊಬ್ಬರಿಲ್ಲವೆಂಬುದನ್ನು ದಾಖಲಿಸದೆ ಬಿಡಲಿಲ್ಲ. ಬಂಗಾಳಿಯಲ್ಲಿ ಭಾಷಾಶಾಸ್ತ್ರಜ್ಞರೂ ಸಾಹಿತ್ಯ ಚರಿತ್ರಕಾರರೂ ಆದ ಸುಕುಮಾರ ಸೇನರು ಅಪರಾಧ ಕಥೆಗಳ ಚರಿತ್ರೆಯೊಂದನ್ನೇ ಬರೆದು 1988ರಲ್ಲಿ ಪ್ರಕಟಿಸಿದರು. ಪುರುಷೋತ್ತಮ ಕಾಣಿಸಿಕೊಂಡ 1952ರಲ್ಲಿಯೇ ಅಲಹಾಬಾದಿನಲ್ಲಿ ಇಬ್ನೆ ಸಫಿಯವರ ಉರ್ದು ಪತ್ತೇದಾರಿ ಮಾಲೆ 'ಜಾಸೂಸೀ ದುನಿಯಾ' ಆರಂಭವಾಯಿತು. ಸ್ವಾತಂತ್ರ್ಯ ಬಂದ ಐದೇ ವರ್ಷಗಳಲ್ಲಿ ಎರಡು ದೂರದ ಭಾಷೆಗಳು ಒಂದೇ ಬಗೆಯ ನಾಯಕನನ್ನು ಏಕೆ ಬಯಸಿದವು ಎಂಬುದು ತೌಲನಿಕ ಅಧ್ಯಯನಕ್ಕೆ ಒಳ್ಳೆಯ ಪ್ರಶ್ನೆ. ಅದನ್ನು ಕೇಳುವುದಕ್ಕೆ ನಮ್ಮಲ್ಲಿ ಆಕರಗಳು ಉಳಿದಿರಬೇಕು.

5

ಆತಂಕವಿರುವುದು ಇಲ್ಲಿಯೇ. ಈ ಪುಸ್ತಕಗಳು ಅಗ್ಗದ ಕಾಗದದ ಮೇಲೆ ಅಚ್ಚಾದವು. ಮುಟ್ಟಿದರೆ ಪುಡಿಯಾಗುವ ಸ್ಥಿತಿ ತಲುಪಿವೆ. ಹಳೆಯ, ಹರಿದ ಪುಸ್ತಕಗಳನ್ನು ತೆಗೆದುಹಾಕುವ ಕ್ರಮದಲ್ಲಿ ಗ್ರಂಥಾಲಯಗಳು ಮೊದಲು ಕೈಬಿಡುವುದು ಇಂಥವನ್ನೇ, ಏಕೆಂದರೆ ಹೆಚ್ಚು ಓದಿಸಿಕೊಂಡು ಹೆಚ್ಚು ಸವೆದವು ಇವೇ. ಅವನ್ನು ಮೊದಲ ಮುದ್ರಣದ ಕಾಲದಲ್ಲಿ ಓದಿದ ತಲೆಮಾರು ಈಗ ಎಪ್ಪತ್ತು, ಎಂಬತ್ತರ ಆಚೀಚೆ ಇದೆ. ಪುಸ್ತಕದ ಪ್ರತಿಯೊಂದು ಎಲ್ಲಿಯಾದರೂ ಸಿಕ್ಕೀತು. ಓದಿನ ನೆನಪು ವ್ಯಕ್ತಿಯೊಡನೆಯೇ ಹೋಗಿಬಿಡುತ್ತದೆ.

ಈ ಕೆಲಸಕ್ಕೆ ಮಾದರಿ ನಮ್ಮ ಜಿಲ್ಲೆಯಲ್ಲಿಯೇ ಇದೆ. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ. ಶಂ. ಪರಮಶಿವಯ್ಯನವರು ಹಳ್ಳಿ ಹಳ್ಳಿ ಅಲೆದು ಹಾಡುಗಾರರ ಎದುರು ಕೂತು ಸಂಗ್ರಹಿಸಿದ ಸಾಮಗ್ರಿಯಿಂದ 'ದಕ್ಷಿಣ ಕರ್ನಾಟಕದ ಜನಪದ ಕಾವ್ಯ ಪ್ರಕಾರಗಳು' ಎಂಬ ಮಹಾಪ್ರಬಂಧ ಸಾಧ್ಯವಾಯಿತು. ಜನಪದವೂ ಒಂದು ಕಾಲಕ್ಕೆ ವಿಶ್ವವಿದ್ಯಾನಿಲಯದ ಹೊಸ್ತಿಲಾಚೆ ನಿಂತಿದ್ದ ವಿಷಯವೇ. ಅದೇ ಕ್ಷೇತ್ರಕಾರ್ಯದ ವಿಧಾನವನ್ನು ಓದುಗರ ಅಧ್ಯಯನಕ್ಕೆ ಅಳವಡಿಸಿಕೊಳ್ಳಲು ಹೊಸ ಸಿದ್ಧಾಂತವೇನೂ ಬೇಕಿಲ್ಲ. ಮಂಡ್ಯ, ಮದ್ದೂರು, ಮಳವಳ್ಳಿಗಳ ಪದವಿ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಹೋಬಳಿಗೆ ಹತ್ತು ಮಂದಿ ಹಿರಿಯ ಓದುಗರ ಮಾತನ್ನು ಧ್ವನಿಮುದ್ರಿಸಬಹುದು. ಪುಸ್ತಕ ಎಲ್ಲಿಂದ ಬಂತು, ಯಾರು ಗಟ್ಟಿಯಾಗಿ ಓದಿದರು, ಯಾರು ಕೇಳಿದರು, ಯಾವಾಗ ಬಿಟ್ಟರು, ಬಿಟ್ಟು ಏನನ್ನು ಓದಿದರು ಎಂಬ ಐದು ಪ್ರಶ್ನೆಗಳು ಆರಂಭಕ್ಕೆ ಸಾಕು. ಮನೆಯ ಅಟ್ಟದಲ್ಲಿ ಉಳಿದ ಪ್ರತಿಗಳ ಪಟ್ಟಿಯನ್ನೂ ಇದರೊಡನೆ ಮಾಡಬಹುದು. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಸೇರಿರುವುದರಿಂದ ಅವುಗಳ ನೆರವನ್ನು ಊರಿನ ಪಂಚಾಯಿತಿಯ ಮೂಲಕವೇ ಕೋರಲು ಅವಕಾಶವಿದೆ.

ನರಸಿಂಹಯ್ಯನವರ ಕಾದಂಬರಿಗಳು ಶ್ರೇಷ್ಠವೇ ಎಂಬ ಪ್ರಶ್ನೆಗೆ ಇದರಿಂದ ಉತ್ತರ ಸಿಗಬೇಕೆಂದೇನಿಲ್ಲ. ಪ್ರಸ್ತುತ ಲೇಖಕನ ಅಭಿಪ್ರಾಯದಲ್ಲಿ ಆ ಮಾಲೆಯ ಬಹುಭಾಗ ಅವಸರದ ಬರವಣಿಗೆಯೇ. ಅದನ್ನು ಮೆಚ್ಚಿದ ಓದುಗರೂ ಇದನ್ನು ಬಲ್ಲರು. ಬಲ್ಲವರಾಗಿಯೂ ಅವರು ಏಕೆ ಓದಿದರು ಎಂಬುದನ್ನು ನಾವು ಇನ್ನೂ ಕೇಳಿಲ್ಲ. ಉತ್ತರ ಹೇಳಬಲ್ಲವರು ದುದ್ದದಂಥ ನೂರಾರು ಊರುಗಳಲ್ಲಿ ಇಂದಿಗೂ ಇದ್ದಾರೆ. ಬರುವ ಬೇಸಗೆ ರಜೆಯಲ್ಲಿಯೇ ಈ ಕೆಲಸ ಆರಂಭವಾಗುವುದು ಒಳ್ಳೆಯದು.